ಹಳೆಯ ಯಂತ್ರದ ಪರವಾಗಿ

ಯೌವನದಲ್ಲಿ ಮೋಟಾರು ಸೈಕಲನ್ನೇರಿ ಊರೂರು ಸುತ್ತಿ, ಆಮೇಲೆ ಉದ್ಯೋಗ, ಸಂಸಾರ, ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ ಇವುಗಳ ನಡುವೆ ಅದನ್ನು ಮಾರಿ, ವರ್ಷಾನುಗಟ್ಟಲೆ ಕಾರಿನ ಗಾಜಿನೊಳಗೆ ಕುಳಿತು ಸಂಚರಿಸಿ, ತಲೆ ನರೆಯುವ ಹೊತ್ತಿಗೆ ಮತ್ತೆ ಎರಡು ಚಕ್ರದ ಕಡೆಗೆ ಮನಸ್ಸು ತಿರುಗಿಸುವ ಗೃಹಸ್ಥರು ಈಚೆಗೆ ನಮ್ಮ ನಗರಗಳಲ್ಲಿ ಅಪರೂಪವಲ್ಲ. ಇಂಥವರಿಗೆ ಬಂಧುಮಿತ್ರರು ಹೇಳುವ ಬುದ್ಧಿವಾದ ಸಾಮಾನ್ಯವಾಗಿ ಎರಡು ತೆರನಾದುದು. ಈ ವಯಸ್ಸಿನಲ್ಲಿ ಆ ಸಾಹಸವೇ ಬೇಡವೆನ್ನುವುದು ಒಂದು. ಬೇಕೇ ಬೇಕೆಂದಾದರೆ ಅಂಗಡಿಯಿಂದ ಹೊಸದಾದ, ಬಲಿಷ್ಠವಾದ, ಗುಂಡಿಯನ್ನೊತ್ತಿದೊಡನೆ ಹೊರಡುವ ವಾಹನವನ್ನೇ ತರಬೇಕೆನ್ನುವುದು ಇನ್ನೊಂದು. ಎರಡೂ ಹಿತಚಿಂತನೆಯಿಂದಲೇ ಹುಟ್ಟಿದ ಮಾತುಗಳು. ಆದರೂ ಬಹುಕಾಲದ ಮೇಲೆ ಸವಾರಿಗೆ ಮರಳುವವನಿಗೆ, ಬೇರೊಬ್ಬರ ಕೈಯಲ್ಲಿ ಸವೆದು ಬಂದ, ಬೆಳಗಾದರೆ ಹೊರಡುವುದೋ ಇಲ್ಲವೋ ಎಂದು ನಿಶ್ಚಯವಾಗಿ ಹೇಳಲಾಗದ ಹಳೆಯ ಯಂತ್ರವೇ ಹೆಚ್ಚು ಶ್ರೇಯಸ್ಕರವೆಂಬುದು ನನ್ನ ದೃಢವಾದ ಮತ. ಅದರ ಕಾರಣಗಳನ್ನು ಸಾವಧಾನವಾಗಿ ನಿವೇದಿಸಬೇಕೆಂದಿದ್ದೇನೆ.

ನಾನು ಮರಳಿದ್ದು ಒಂದು ಹಳೆಯ ಯೆಜ್ಡಿಯ ಮೂಲಕ. ಮೈಸೂರಿನಲ್ಲಿ ಓದಿದವರಿಗೆ ಈ ಹೆಸರಿನ ವಿಷಯದಲ್ಲಿ ವಿಶೇಷವಾದ ಮಮತೆಯಿರುವುದು ಸಹಜ. ಯಾದವಗಿರಿಯ ಆ ವಿಸ್ತಾರವಾದ ಆವರಣದಲ್ಲಿ, ಚೆಕೊಸ್ಲೊವಾಕಿಯಾ ದೇಶದ ಜಾವಾ ಸಂಸ್ಥೆಯ ಪರವಾನಗಿಯನ್ನು ಪಡೆದು, ಮುಂಬಯಿಯ ಪಾರ್ಸಿ ಉದ್ಯಮಿ ರುಸ್ತುಂ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು, ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು. 1973ರಿಂದ ಅಲ್ಲಿಯ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಈ ಮೂವತ್ತೈದು ವರ್ಷಗಳಲ್ಲಿ ಅಲ್ಲಿಂದ ಹೊರಟ ಯಂತ್ರಗಳು ದೇಶದ ಉದ್ದಗಲವನ್ನೂ ಕ್ರಮಿಸಿದುವು. ಅಲ್ಲಿ ದುಡಿದ ಕೈಗಳು ಮೈಸೂರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಸಿದುವು. 1980ರ ದಶಕದ ನಡುಭಾಗದಲ್ಲಿ ಜಪಾನೀಯರ ಸಹಯೋಗದಿಂದ ನೂರು ಸಿ.ಸಿ.ಯ ಮಿತವ್ಯಯದ ವಾಹನಗಳು ಬಂದ ಮೇಲೆ, ಲೀಟರೊಂದಕ್ಕೆ ಎಷ್ಟು ಕಿಲೋಮೀಟರು ಎಂಬ ಪ್ರಶ್ನೆಯೇ ಮಧ್ಯಮವರ್ಗದ ಪ್ರಥಮ ಪ್ರಶ್ನೆಯಾಗಲು, ಇನ್ನೂರೈವತ್ತು ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನು ಅದಕ್ಕೆ ಸಮಾಧಾನಕರವಾದ ಉತ್ತರವನ್ನು ಕೊಡಲಾರದೆ ಹೋಯಿತು. ಹೊಗೆಯ ನಿಯಮಗಳೂ ಕ್ರಮೇಣ ಬಿಗಿಯಾದುವು. ಕಾಲಧರ್ಮವೆಂದು ಅದನ್ನು ಒಪ್ಪಿಕೊಳ್ಳಬೇಕಾದುದೇ ಸರಿ.

ನನ್ನ ಪಾಲಿಗೆ ಬಂದ ವಾಹನ ಆ ಕಾರ್ಖಾನೆಯ ಕೊನೆಯ ದಶಕದ್ದು. ಹಲವರ ಕೈ ಬದಲಾಯಿಸಿ, ಕೆಲವು ವರ್ಷ ಯಾರದೋ ಹಿತ್ತಿಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತು, ಟ್ಯಾಂಕಿನೊಳಗೆ ತುಕ್ಕು, ವೈರುಗಳಲ್ಲಿ ಇಲಿಯ ಹಲ್ಲಿನ ಗುರುತು, ಒಣಗಿ ಬಿರುಕುಬಿಟ್ಟ ರಬ್ಬರು ಇವೆಲ್ಲವನ್ನೂ ಹೊತ್ತುಕೊಂಡೇ ಅದು ಬಂದದ್ದು. ಅದು ಪದೇ ಪದೇ ಕೆಟ್ಟು ನಿಲ್ಲುವುದು ಮಾಡಿದವರ ದೋಷವಲ್ಲ, ಮಾರಿದವರ ದೋಷವೂ ಅಲ್ಲ. ಮೂವತ್ತು ವರ್ಷ ಮೀರಿದ ಲೋಹಕ್ಕೂ ರಬ್ಬರಿಗೂ ಕಾಲವು ಮಾಡತಕ್ಕ ಕೆಲಸವನ್ನು ಮಾಡಿದೆ, ಅಷ್ಟೆ.

ಯಂತ್ರದ ಸ್ವರೂಪವನ್ನು ಕೊಂಚ ವಿವರಿಸದೆ ಮುಂದಿನ ಮಾತು ಸ್ಪಷ್ಟವಾಗದು. ಈ ಟೂ ಸ್ಟ್ರೋಕ್ ಎಂಜಿನಿನಲ್ಲಿ ಕವಾಟಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ಮುಚ್ಚಿ ತೆರೆದು ಒಳಗಿನದನ್ನು ಹೊರಗೂ ಹೊರಗಿನದನ್ನು ಒಳಗೂ ಕಳುಹಿಸುವುದು. ಕ್ರ್ಯಾಂಕಿನ ಪ್ರತಿಯೊಂದು ಸುತ್ತಿಗೂ ಒಂದು ಸ್ಫೋಟ. ಆದುದರಿಂದಲೇ ಆ ಅವಿಚ್ಛಿನ್ನವಾದ ನಾದ. ಎಂಜಿನಿಗೆ ಬೇಕಾದ ಎಣ್ಣೆಗೆ ಪ್ರತ್ಯೇಕವಾದ ಮಾರ್ಗವಿಲ್ಲ. ಪೆಟ್ರೋಲಿನಲ್ಲಿಯೇ ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಎಣ್ಣೆಯನ್ನು ಬೆರೆಸಿ ಹಾಕಬೇಕು. ಇದರಿಂದ ಒಂದು ಸೂಕ್ಷ್ಮವಾದ ಪರಿಣಾಮವುಂಟು. ಚಾಮುಂಡಿಬೆಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಬಹುದೂರ ಇಳಿದರೆ, ಚಕ್ರವು ಎಂಜಿನನ್ನು ತಿರುಗಿಸುತ್ತಲೇ ಇರುವುದು, ಪೆಟ್ರೋಲು ಮಾತ್ರ ಸಾಕಷ್ಟು ಒಳಗೆ ಹೋಗದು. ಪೆಟ್ರೋಲು ಸಾಲದಿದ್ದರೆ ಎಣ್ಣೆಯೂ ಸಾಲದು. ಎಣ್ಣೆ ಸಾಲದೆ ಕಾದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಳ್ಳುವ ಸಂಭವವುಂಟು. ಬಲ್ಲವರು ಇಳಿಯುವಾಗ ಆಗಾಗ್ಗೆ ಆಕ್ಸಿಲರೇಟರನ್ನು ಸ್ವಲ್ಪ ತಿರುವಿ ಎಂಜಿನಿಗೆ ಎಣ್ಣೆ ಕುಡಿಸುವರು. ಎಡಗಾಲಿನ ಬಳಿ ಇರುವ ಒಂದೇ ಲಿವರು ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕಾಗುವುದು, ಸ್ವಸ್ಥಾನಕ್ಕೆ ಬಂದರೆ ಗೇರಾಗುವುದು. ಗೇರು ಬದಲಾಯಿಸುವಾಗ ಅದೇ ಕ್ಲಚ್ಚನ್ನೂ ಬಿಡಿಸುವುದು. ಇಷ್ಟು ಮಿತವಾದ ಸಾಮಗ್ರಿಯಿಂದ ಇಷ್ಟು ಕೆಲಸ ತೆಗೆದ ಆ ಚೆಕ್ ಶಿಲ್ಪಿಗಳ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಕಿಡಿಯ ವಿಚಾರವೂ ಹಾಗೆಯೇ. ಇಂದಿನ ವಾಹನಗಳಲ್ಲಿ ಆ ಕಾರ್ಯವನ್ನು ಮುಚ್ಚಿದ ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ ಮಂಡಲ ನಿರ್ವಹಿಸುವುದು. ಅದು ಕೆಟ್ಟರೆ ಬಿಚ್ಚಿ ನೋಡುವಂತಿಲ್ಲ, ಬದಲಾಯಿಸಬೇಕು. ಹಳೆಯದರಲ್ಲಿ ಪಾಯಿಂಟು ಎಂದು ಮೆಕ್ಯಾನಿಕ್ಕುಗಳು ಕರೆಯುವ ಎರಡು ಚಿಕ್ಕ ಲೋಹದ ತುದಿಗಳು ಕೂಡಿ ಅಗಲುತ್ತಿರಬೇಕು; ಅಗಲಿದ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಎರಡರ ನಡುವಣ ಅಂತರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅಳೆಯುವ ಉಪಕರಣವಿಲ್ಲದ ಗ್ಯಾರೇಜಿನಲ್ಲಿ ಒಂದು ವಿಸಿಟಿಂಗ್ ಕಾರ್ಡನ್ನು ಅದರ ನಡುವೆ ತೂರಿಸಿ, ಎಳೆದಾಗ ಕೈಗೆ ತಿಳಿಯುವ ಬಿಗಿಯಿಂದಲೇ ಸರಿ ತಪ್ಪುಗಳನ್ನು ನಿರ್ಣಯಿಸುವ ಹಿರಿಯರಿದ್ದಾರೆ. ಅದರ ಜೊತೆಯ ಕಂಡೆನ್ಸರು ಮುಪ್ಪಾದರೆ ವಿಚಿತ್ರವಾದ ಲಕ್ಷಣ ಕಾಣುವುದು. ತಣ್ಣಗಿರುವಾಗ ಯಾವ ದೋಷವೂ ಇಲ್ಲದೆ ಓಡಿ, ಮೈಕಾದ ಮೇಲೆ ನಿಂತು, ಮರದಡಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಹೊರಡುವುದು. ಕ್ರ್ಯಾಂಕಿನ ಆಯಿಲ್ ಸೀಲು ಸವೆದರೆ ಗೇರುಪೆಟ್ಟಿಗೆಯ ಎಣ್ಣೆ ಎಂಜಿನಿನೊಳಗೆ ಹೀರಲ್ಪಟ್ಟು ಹಿಂದೆ ಬಿಳಿಯ ಹೊಗೆ ಏಳುವುದು. ಟ್ಯಾಂಕಿನ ತುಕ್ಕು ಕಾರ್ಬುರೇಟರಿನ ಜೆಟ್ಟಿನಲ್ಲಿ ಕುಳಿತರೆ, ನಿಧಾನದಲ್ಲಿ ಸುಖವಾಗಿದ್ದ ಎಂಜಿನು ವೇಗ ಕೇಳಿದೊಡನೆ ಏದುಸಿರು ಬಿಡುವುದು. ಇವಕ್ಕೆಲ್ಲ ಈಗ ಹೊಸದೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಎಥನಾಲ್ ತೇವವನ್ನು ಸೆಳೆದುಕೊಳ್ಳುವ ಗುಣವುಳ್ಳದ್ದು. ಬಹುದಿನ ನಿಂತ ಟ್ಯಾಂಕಿನಲ್ಲಿ ಅದು ನೀರಿನೊಡನೆ ಸೇರಿ ತಳಕ್ಕಿಳಿಯುವುದು, ಹಳೆಯ ರಬ್ಬರಿನ ಕೊಳವೆಗಳನ್ನು ಮೆತ್ತಗಾಗಿಸುವುದು. ದೇಶದ ಹಿತಕ್ಕಾಗಿ ಕೈಗೊಂಡ ನೀತಿಯನ್ನು ಒಂದು ಹಳೆಯ ವಾಹನಕ್ಕಾಗಿ ಆಕ್ಷೇಪಿಸುವುದು ಯುಕ್ತವಲ್ಲ. ಕೊಳವೆಗಳನ್ನು ಬದಲಾಯಿಸಿಕೊಳ್ಳುವುದೂ, ಟ್ಯಾಂಕಿನಲ್ಲಿ ಪೆಟ್ರೋಲನ್ನು ಬಹುಕಾಲ ನಿಲ್ಲಿಸದಿರುವುದೂ ಸವಾರನ ಕರ್ತವ್ಯ.

ಈ ಬಗೆಯ ಯಂತ್ರ ದಾರಿಯಲ್ಲಿ ನಿಂತಾಗ ಮನುಷ್ಯನಿಗೆ ಮೊದಲು ಬರುವುದು ಕೋಪ. ಕೋಪದಲ್ಲಿ ಮಾಡುವ ಕೆಲಸ ಒಂದರ ಮೇಲೊಂದು ಕಿಕ್ಕು ಹೊಡೆಯುವುದು. ಹಾಗೆ ಹೊಡೆದಷ್ಟೂ ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದು ಹೊರಡುವ ಸಾಧ್ಯತೆ ಇನ್ನಷ್ಟು ಕುಂದುವುದು. ನಾನು ವಾಹನವನ್ನು ಒಯ್ಯುವ ಗ್ಯಾರೇಜಿನ ಮೇಸ್ತ್ರಿಗಳು ಹೇಳಿದ ಪ್ರಥಮ ಪಾಠವೇ ಇದು: “ಕಿಕ್ಕು ಹೊಡೀಬೇಡಿ ಸಾರ್. ಒಂದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಪೆಟ್ರೋಲ್ ಬರ್ತಾ ಇದೆಯಾ ನೋಡಿ, ಆಮೇಲೆ ಪ್ಲಗ್ ಬಿಚ್ಚಿ.” ಪೆಟ್ರೋಲು ಇಳಿಯುತ್ತಿದೆಯೇ, ಕಿಡಿ ಹಾರುತ್ತಿದೆಯೇ, ಗಾಳಿ ಸರಾಗವಾಗಿ ಬರುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕ್ರಮ ತಪ್ಪದೆ ಕೇಳುತ್ತ ಹೋದರೆ ತೊಂಬತ್ತು ಪಾಲು ದೋಷಗಳು ರಸ್ತೆಯ ಬದಿಯಲ್ಲಿಯೇ ಗೋಚರಿಸುವುವು. ಬಿಚ್ಚಿದ ಪ್ಲಗ್ಗಿನ ಬಣ್ಣವೇ ಅರ್ಧ ಕಥೆಯನ್ನು ಹೇಳುವುದು: ಇಟ್ಟಿಗೆಯ ಕಂದಾದರೆ ಕ್ಷೇಮ, ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಜಿಡ್ಡು ಕಪ್ಪಾದರೆ ಎಣ್ಣೆ ಹೆಚ್ಚು, ಬಿಳಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಎಂಜಿನು ಅಪಾಯಕರವಾಗಿ ಕಾಯುತ್ತಿದೆಯೆಂದು ಅರ್ಥ. ಕಾರ್ಯದಿಂದ ಕಾರಣವನ್ನು ಊಹಿಸುವ, ಊಹೆಯನ್ನು ಪರೀಕ್ಷೆಗೊಡ್ಡುವ, ಪರೀಕ್ಷೆಯಲ್ಲಿ ಸೋತ ಊಹೆಯನ್ನು ಮಮತೆಯಿಲ್ಲದೆ ಬಿಟ್ಟುಕೊಡುವ ಈ ವಿಚಾರಕ್ರಮವನ್ನು ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಪಾಠವಾಗಿ ಓದಿದ್ದೆ. ಅದು ನನ್ನ ಕೈಗೂ ಕಣ್ಣಿಗೂ ಇಳಿದದ್ದು ಈಗ.

ಸವಾರನ ದೇಹದ ವಿಚಾರವನ್ನು ಇದಕ್ಕಿಂತ ಗಂಭೀರವಾಗಿ ಹೇಳಬೇಕು. ಬಹುವರ್ಷ ಬಿಟ್ಟು ಮರಳಿದವನಿಗೆ ಸವಾರಿ ಮರೆತಿರುವುದಿಲ್ಲ; ಅಪಾಯವಿರುವುದು ಅಲ್ಲಿಯೇ. ಕೈಕಾಲುಗಳು ಇಪ್ಪತ್ತೈದರ ವಯಸ್ಸಿನ ಅಭ್ಯಾಸವನ್ನು ಹಾಗೆಯೇ ಕಾಪಿಟ್ಟುಕೊಂಡಿರುವುವು, ಕಣ್ಣಿನ ಚುರುಕು, ಕತ್ತಲೆಯಲ್ಲಿ ನೋಡುವ ಶಕ್ತಿ, ಬಿದ್ದರೆ ಎಲುಬು ತಡೆಯುವ ತ್ರಾಣ ಇವು ಮಾತ್ರ ಸದ್ದಿಲ್ಲದೆ ಕುಗ್ಗಿರುವುವು. ರಸ್ತೆಯೂ ಅಂದಿನದಲ್ಲ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ನೆಯ ಇಸವಿಯೊಂದರಲ್ಲೇ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಸುನೀಗಿದರು. ಅವರಲ್ಲಿ ಶೇಕಡ 44.5ರಷ್ಟು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೀಗಿರುವಾಗ, ಮಣಿಕಟ್ಟನ್ನು ಕೊಂಚ ತಿರುವಿದ ಮಾತ್ರಕ್ಕೆ ನೂರು ಕಿಲೋಮೀಟರನ್ನು ಮೀರಿ ನುಗ್ಗುವ ಯಂತ್ರವನ್ನು, ಹಣವೊಂದೇ ಅರ್ಹತೆಯಾಗಿ, ಅಭ್ಯಾಸ ತಪ್ಪಿದ ಮನುಷ್ಯನ ವಶಕ್ಕೆ ಕೊಡುವುದು ವಿವೇಕವೆಂದು ನನಗೆ ತೋರುವುದಿಲ್ಲ. ಸುಮಾರು 16 ಅಶ್ವಶಕ್ತಿಯ ಹಳೆಯ ಯೆಜ್ಡಿ ಐವತ್ತು ಅರವತ್ತರ ವೇಗದಲ್ಲಿ ಅತ್ಯಂತ ಪ್ರಸನ್ನವಾಗಿರುವುದು. ಅದಕ್ಕೆ ಮೀರಿ ಕೇಳಿದರೆ ಕೈಗೂ ಕಾಲಿಗೂ ಆಸನಕ್ಕೂ ನಡುಕವನ್ನು ಕಳುಹಿಸಿ ತನ್ನ ಅಸಮ್ಮತಿಯನ್ನು ಸೂಚಿಸುವುದು. ಹೊರಡುವ ಮುನ್ನ ಕೇಬಲ್ಲುಗಳನ್ನು ಎಳೆದು ನೋಡಬೇಕು, ಚೈನಿನ ಸಡಿಲವನ್ನು ಬೆರಳಿನಿಂದ ಎತ್ತಿ ನೋಡಬೇಕು, ಎಣ್ಣೆಯನ್ನು ಅಳೆದು ಬೆರೆಸಬೇಕು. ಈ ಕಾಲು ಗಂಟೆಯ ಅನುಷ್ಠಾನದಲ್ಲಿ ಮನಸ್ಸು ಮನೆಯ, ಕಚೇರಿಯ ತಾಪತ್ರಯಗಳಿಂದ ಬಿಡಿಸಿಕೊಂಡು ಸವಾರಿಯ ಕಡೆಗೆ ಬಂದಿರುವುದು. ಓಡುವಾಗಲೂ ಕಿವಿ ಸದಾ ಎಂಜಿನಿನ ಮೇಲೆ. ಧ್ವನಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಅದು ಗಮನಕ್ಕೆ ಬರುವುದು. ಹೀಗೆ ಎಚ್ಚೆತ್ತ ಕಿವಿಯ ಜೊತೆಗೆ ಕಣ್ಣೂ ಎಚ್ಚೆತ್ತಿರುವುದರಿಂದ, ಪಕ್ಕದ ಓಣಿಯಿಂದ ನುಗ್ಗುವ ಆಟೋವನ್ನಾಗಲಿ ರಸ್ತೆಗೆ ಓಡಿಬರುವ ಕರುವನ್ನಾಗಲಿ ನಾನು ಹಿಂದಿಗಿಂತ ಬೇಗನೆ ಕಾಣಬಲ್ಲವನಾಗಿದ್ದೇನೆ.

ಇಲ್ಲಿ ಒಂದು ಸೀಮಾರೇಖೆಯನ್ನು ಎಳೆಯಲೇಬೇಕು. ಹೊರಡದಿರುವ ದೋಷ ಕ್ಷಮಾರ್ಹವಾದುದು, ನಿಲ್ಲದಿರುವ ದೋಷ ಎಂದೆಂದಿಗೂ ಅಕ್ಷಮ್ಯವಾದುದು. ಪಾಯಿಂಟು, ಪ್ಲಗ್ಗು, ಕಾರ್ಬುರೇಟರು ತಮ್ಮ ಇಷ್ಟದಂತೆ ನಡೆದುಕೊಳ್ಳಲಿ. ಬ್ರೇಕು, ಟೈರು, ಹ್ಯಾಂಡಲಿನ ಬೇರಿಂಗು, ಚಕ್ರದ ಕಡ್ಡಿಗಳು ಇವುಗಳ ವಿಷಯದಲ್ಲಿ ಹಳಮೆಯ ಮೋಹ ಕೂಡದು. 125 ಸಿ.ಸಿ.ಗಿಂತ ಮೇಲ್ಪಟ್ಟ ಹೊಸ ಮೋಟಾರು ಸೈಕಲುಗಳಿಗೆಲ್ಲ 2019ರ ಏಪ್ರಿಲಿನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ, ಹಳೆಯ ಡ್ರಮ್ ಬ್ರೇಕಿಗೆ ಆ ರಕ್ಷೆಯಿಲ್ಲ. ಮುಂದೆ ಹೋಗುವ ಕಾರು ಹಠಾತ್ತಾಗಿ ನಿಂತಾಗ ಅದು ನಿಂತಷ್ಟು ಜಾಗದಲ್ಲಿ ನಾವು ನಿಲ್ಲಲಾರೆವೆಂಬುದನ್ನು ಮನಗಂಡು ಅಂತರವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಟೈರಿನಲ್ಲಿ ಗೀರುಗಳು ಆಳವಾಗಿ ಉಳಿದಿವೆಯೆಂದು ಮೋಸಹೋಗಬಾರದು. ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುವುವು. ನಿಂತಲ್ಲಿಯೇ ವರ್ಷಗಟ್ಟಲೆ ಒಣಗಿದ ರಬ್ಬರು ಮಳೆಯ ರಸ್ತೆಯನ್ನು ಹಿಡಿಯಲಾರದು. ದೀಪದ ಬೆಳಕು ಮಂದವಾದುದರಿಂದ ಕತ್ತಲಾಗುವುದರೊಳಗೆ ಮನೆ ಸೇರುವ ನಿಯಮವನ್ನು ಪಾಲಿಸುತ್ತೇನೆ.

ಶಿರಸ್ತ್ರಾಣದ ವಿಷಯದಲ್ಲಿ ನಮ್ಮ ಜನ ಇನ್ನೂ ತೋರುವ ಉದಾಸೀನವನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಟಿ. ಇ. ಲಾರೆನ್ಸನ ಕಥೆ. ಅರೇಬಿಯದ ಮರಳುಗಾಡಿನಲ್ಲಿ ಯುದ್ಧವನ್ನು ನಡೆಸಿ ಬದುಕಿ ಬಂದ ಆ ಪುರುಷ, 1935ರ ಮೇ 13ರಂದು ಇಂಗ್ಲೆಂಡಿನ ಹಳ್ಳಿಯ ರಸ್ತೆಯೊಂದರಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಹೋಗಿ ತನ್ನ ಬ್ರಫ್ ಸುಪೀರಿಯರ್ ಮೋಟಾರು ಸೈಕಲಿನಿಂದ ಬಿದ್ದು, ತಲೆಗಾದ ಪೆಟ್ಟಿನಿಂದ ಆರು ದಿನಗಳ ಮೇಲೆ ಮೃತನಾದನು. ಅವನ ಚಿಕಿತ್ಸೆಗೆ ಬಂದಿದ್ದ ವೈದ್ಯರಲ್ಲೊಬ್ಬರಾದ ಶಸ್ತ್ರವೈದ್ಯ ಹ್ಯೂ ಕೇರ್ನ್ಸರ ಮನಸ್ಸನ್ನು ಆ ಸಾವು ಬಹುವಾಗಿ ಕಲಕಿತು. ಅವರು ಸೈನ್ಯದ ಸಂದೇಶವಾಹಕ ಸವಾರರ ತಲೆಯ ಗಾಯಗಳನ್ನು ಅಭ್ಯಸಿಸಿ 1941ರಲ್ಲಿ ಪ್ರಕಟಿಸಿದ ಲೇಖನ, ಹೆಲ್ಮೆಟ್ಟು ಪ್ರಾಣವನ್ನುಳಿಸುವುದೆಂಬುದಕ್ಕೆ ದೊರೆತ ಮೊದಲ ಶಾಸ್ತ್ರೀಯ ಪ್ರಮಾಣಗಳಲ್ಲೊಂದು. ಕರ್ನಾಟಕದಲ್ಲಿ ಹಿಂಬದಿಯ ಸವಾರನಿಗೂ ಹೆಲ್ಮೆಟ್ಟು 2016ರಿಂದ ಕಡ್ಡಾಯವಾಗಿದೆ. ಆದರೂ ನಮ್ಮಲ್ಲಿ ಅದು ಪೋಲೀಸರು ಕಾಣುವ ತಿರುವಿನಲ್ಲಿ ತಲೆಗೇರಿ, ತಿರುವು ದಾಟಿದೊಡನೆ ಮೊಣಕೈಗಿಳಿಯುವುದನ್ನು ದಿನವೂ ನೋಡುತ್ತೇವೆ. ಹಳೆಯ ಯಂತ್ರಕ್ಕೆ ಹಳೆಯ ಹೆಲ್ಮೆಟ್ಟು ಸಲ್ಲದು. ಐ.ಎಸ್.ಐ. ಮುದ್ರೆಯ ಹೊಸದೊಂದನ್ನು, ಗಲ್ಲದ ಪಟ್ಟಿ ಬಿಗಿದು, ಬೀದಿಯ ಕೊನೆಯ ಅಂಗಡಿಗೆ ಹೋಗುವಾಗಲೂ ಧರಿಸಬೇಕು.

ಸರ್ಕಾರದ ನಿಯಮಗಳನ್ನು ಕುರಿತು ಒಂದೆರಡು ಮಾತು. ಚಾಲನಾ ಪರವಾನಗಿಯ ಅವಧಿ ಮುಗಿದು ಒಂದು ವರ್ಷ ಮೀರಿದ್ದರೆ ಈಗ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಇದನ್ನು ಕಿರುಕುಳವೆಂದು ಗೊಣಗುವವರುಂಟು. ಮರಳಿ ಬರುವ ಸವಾರನ ಪಾಲಿಗೆ ಇದು ಉಪಕಾರವೆಂದೇ ನಾನು ಎಣಿಸುತ್ತೇನೆ. ವಾಹನದ ನೋಂದಣಿಯ ವಿಚಾರ ಬೇರೆ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ.ಯನ್ನು ನವೀಕರಿಸಬೇಕು, ಇಪ್ಪತ್ತು ವರ್ಷ ಮೀರಿದ ಮೋಟಾರು ಸೈಕಲಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಲಾಯಿತು. ಅತ್ತ 2021ರಲ್ಲಿ ಬಂದ ವಿಂಟೇಜ್ ನಿಯಮಗಳು ಮನ್ನಣೆ ನೀಡುವುದು ಐವತ್ತು ವರ್ಷ ಮೀರಿದ, ಮೂಲರೂಪವನ್ನುಳಿಸಿಕೊಂಡ ವಾಹನಗಳಿಗೆ ಮಾತ್ರ. ಇಪ್ಪತ್ತರಿಂದ ಐವತ್ತರ ನಡುವಣವು ಕೇವಲ ಹಳೆಯ ಗುಜರಿಯೆಂಬಂತೆ ಪರಿಗಣಿತವಾಗಿ, ವರ್ಷಕ್ಕೊಮ್ಮೆ ಕವಚ ತೆಗೆಯುವ ವಾಹನವೂ, ದಿನವೂ ನೂರು ಕಿಲೋಮೀಟರು ಹೊಗೆಯುಗುಳುವ ವಾಹನವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿರುವುವು. ಟೂ ಸ್ಟ್ರೋಕ್ ಎಂಜಿನು ಪೆಟ್ರೋಲಿನ ಒಂದು ಭಾಗವನ್ನು ಉರಿಸದೆಯೇ ಹೊರದೂಡುವುದೆಂಬುದು ಸತ್ಯ. ಅದು ನಗರದ ನಿತ್ಯದ ವಾಹನವಾಗಿ ಮರಳಬೇಕೆಂದು ಯಾರೂ ವಾದಿಸಲಾಗದು. ವಾರಕ್ಕೊಂದು ಬೆಳಗ್ಗೆ ಊರಾಚೆಗೆ ಹೋಗುವುದಕ್ಕಾಗಿ ಸುಸ್ಥಿತಿಯಲ್ಲಿಟ್ಟ ಯಂತ್ರವನ್ನು ವಯಸ್ಸಿನಿಂದ ಅಳೆಯದೆ, ಅದರ ಬ್ರೇಕು, ಹೊಗೆ, ವರ್ಷದ ಓಟ ಇವುಗಳಿಂದ ಅಳೆಯುವ ಒಂದು ಪ್ರತ್ಯೇಕ ವರ್ಗವನ್ನು ಸಾರಿಗೆ ಇಲಾಖೆಯವರು ಯೋಚಿಸಬೇಕೆಂದು ನನ್ನ ವಿನಂತಿ.

ಇಷ್ಟೆಲ್ಲ ಹೇಳಿಯೂ, ಈ ಹಳೆಯ ಯಂತ್ರ ನನಗೆ ತಂದುಕೊಟ್ಟ ದೊಡ್ಡ ಸಂಪತ್ತನ್ನು ಇನ್ನೂ ಹೇಳಿಲ್ಲ. ಅದು ಜನರ ಸಹವಾಸ. ಕಾರಿನಲ್ಲಿ ಹೋಗುವಾಗ ಮೈಸೂರಿಗೂ ಪಾಂಡವಪುರಕ್ಕೂ ನಡುವೆ ಜನರಿರುವರೆಂಬುದು ನನಗೆ ಕಣ್ಣಿಗಷ್ಟೇ ತಿಳಿದಿತ್ತು. ಶ್ರೀರಂಗಪಟ್ಟಣದ ಆಚೆಗೆ ಕಬ್ಬಿನ ಗದ್ದೆಯ ಪಕ್ಕದಲ್ಲಿ ಎಂಜಿನು ನಿಂತ ದಿನ, ಕೇಳದೆಯೇ ಚೊಂಬಿನಲ್ಲಿ ನೀರು ತಂದವರು, ತಮ್ಮ ತಂದೆಯವರ ಬಳಿಯೂ ಒಂದು ಜಾವಾ ಇತ್ತೆಂದು ನಿಂತು ಮಾತಾಡಿದವರು, ತನ್ನ ಬೈಕಿನ ಮೇಲೆ ಕುಳಿತೇ ನನ್ನ ವಾಹನದ ಫುಟ್‌ರೆಸ್ಟಿಗೆ ಕಾಲು ಕೊಟ್ಟು ಊರಿನವರೆಗೂ ತಳ್ಳಿಕೊಂಡು ಬಂದ ಹುಡುಗ, ಇವರನ್ನು ನಾನು ಬೇರೆ ಯಾವ ರೀತಿಯಿಂದಲೂ ಸಂಧಿಸುತ್ತಿರಲಿಲ್ಲ. ಆ ಹುಡುಗನಿಗೆ ಹಣ ಕೊಡಹೋದಾಗ, “ಏ ಬುಡಿ ಸಾ, ನಾಳೆ ನಮ್ದೂ ನಿಂತ್ಕತದೆ” ಎಂದು ಹೇಳಿ ಹೊರಟುಹೋದನು. ಕೆಡದ ವಾಹನ ಮನುಷ್ಯನಿಗೆ ಸ್ವಾತಂತ್ರ್ಯವನ್ನು ಕೊಡುವುದು ನಿಜ. ಆ ಸ್ವಾತಂತ್ರ್ಯ ಎಷ್ಟೋ ಸಲ ಯಾರ ಅಗತ್ಯವೂ ಇಲ್ಲದ ಏಕಾಂತವಾಗಿ ಪರಿಣಮಿಸುವುದೂ ಅಷ್ಟೇ ನಿಜ.

ಆ ಸಹವಾಸದ ಮುಖ್ಯ ಸ್ಥಾನ ಗ್ಯಾರೇಜು. ನಾನು ಹೋಗುವ ಗ್ಯಾರೇಜಿನ ಮೇಸ್ತ್ರಿಗಳು ಎಪ್ಪತ್ತರ ಸಮೀಪದವರು. ಯೌವನವನ್ನು ಇಂಥ ಎಂಜಿನುಗಳ ನಡುವೆಯೇ ಕಳೆದವರು. ಬೆಳಗ್ಗೆ ಷಟರು ಎತ್ತಿ, ಗಣೇಶನ ಪಟಕ್ಕೂ ಸ್ಪ್ಯಾನರುಗಳ ಹಲಗೆಗೂ ಊದುಬತ್ತಿ ಬೆಳಗಿ ಕೆಲಸಕ್ಕೆ ಕೂರುವರು. ಬೀದಿಯ ತಿರುವಿನಲ್ಲಿ ಬರುತ್ತಿರುವ ವಾಹನದ ಧ್ವನಿಯಿಂದಲೇ ಅದರ ಬೇರಿಂಗು ಸವೆದಿದೆಯೋ ರಿಂಗು ಸವೆದಿದೆಯೋ ಹೇಳಬಲ್ಲರು. ಸಿಲಿಂಡರಿನ ಬೋರ್ ಮಾಡಿಸಿ ತಂದಾಗ ಅದರ ಒಳಗೋಡೆಯನ್ನು ಬೆರಳ ತುದಿಯಿಂದ ಸವರಿ, ಕಣ್ಣುಮುಚ್ಚಿ, ಲೇತ್ ಕೆಲಸದವನ ಕೈ ಎಲ್ಲಿ ನಡುಗಿತೆಂಬುದನ್ನು ತೋರಿಸುವರು. ಕೂಡದೆನಿಸಿದರೆ ಮತ್ತೆ ಕಳುಹಿಸುವರು. ದೊರೆಯದ ಭಾಗವನ್ನು ಗುಜರಿಯಲ್ಲಿ ಹುಡುಕಿ, ಹೊಂದದ ಭಾಗವನ್ನು ಅರದಿಂದ ಉಜ್ಜಿ ಹೊಂದಿಸುವರು. ಕೂಲಿಯನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುವುದು. ಅಷ್ಟು ವರ್ಷದ ವಿದ್ಯೆಗೆ ಅವರೇ ಕಟ್ಟುವ ಬೆಲೆ ನನಗೆ ಪ್ರತಿಸಲವೂ ಸಂಕಟವನ್ನುಂಟುಮಾಡುವುದು. ಸಂಗೀತಗಾರನ ಶ್ರುತಿಜ್ಞಾನವನ್ನು ನಾವು ಸಭೆಯಲ್ಲಿ ಶಾಲು ಹೊದಿಸಿ ಗೌರವಿಸುತ್ತೇವೆ. ಎಂಜಿನಿನ ಶ್ರುತಿಯನ್ನು ತಿಳಿದ ಈ ಕಿವಿಗೆ ಯಾವ ಸಭೆಯೂ ಇಲ್ಲ.

ಅವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗಿದ್ದಾರೆ. ಅದು ಸಂತೋಷದ ವಿಷಯವೇ. ಜೊತೆಯಲ್ಲಿರುವ ಹುಡುಗನಿಗೆ ಸ್ಕೂಟರಿನ ಕೆಲಸ ಚೆನ್ನಾಗಿ ಬರುವುದು, ಪಾಯಿಂಟು ಕೂರಿಸುವುದರಲ್ಲಿ ಆಸಕ್ತಿಯಿಲ್ಲ. ಅವನನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಹೊಸ ಕಂಪನಿಯೊಂದರ ಮೂಲಕ ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದಿವೆ. ಅವು ಇಂದಿನ ಕಾಲದ ಫೋರ್ ಸ್ಟ್ರೋಕ್ ಯಂತ್ರಗಳು, ಆ ಹಳೆಯ ವಿದ್ಯೆಯನ್ನು ಬೇಡುವುವಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಹಳೆಯ ಜಾವಾ ಯೆಜ್ಡಿಗಳ ಅಭಿಮಾನಿಗಳು ಒಟ್ಟು ಸೇರುವರು. ಕ್ರೋಮಿಯಂ ಹೊಳೆಯುವ ಆ ಸಾಲುಗಳನ್ನು ನೋಡುವುದು ಕಣ್ಣಿಗೆ ಹಬ್ಬ. ಅಲ್ಲಿ ಸೇರುವವರಲ್ಲಿ ಹಣವುಳ್ಳವರೂ, ವಿದ್ಯಾವಂತರೂ, ಅಧಿಕಾರದಲ್ಲಿರುವವರೂ ಇದ್ದಾರೆ. ಅವರು ಮನಸ್ಸು ಮಾಡಿದರೆ ಈ ಮೇಸ್ತ್ರಿಗಳ ಬಾಯಿಂದಲೇ ಕೇಳಿ, ಚಿತ್ರಗಳೊಡನೆ, ಅವರು ಆಡುವ ಕನ್ನಡದಲ್ಲಿಯೇ ಒಂದು ರಿಪೇರಿಯ ಕೈಪಿಡಿಯನ್ನು ಬರೆಯಿಸಬಹುದು. ಕೈಯ ಚಲನೆಯನ್ನು ಚಿತ್ರೀಕರಿಸಿಡಬಹುದು. ಮೈಸೂರಿನ ಐ.ಟಿ.ಐ.ಯೊಂದರಲ್ಲಿ ಬಿಚ್ಚಿದ ಕೆಲವು ಹಳೆಯ ಎಂಜಿನುಗಳನ್ನಿರಿಸಿ, ಇವರಲ್ಲಿ ಒಬ್ಬಿಬ್ಬರನ್ನು ಗೌರವ ಉಪಾಧ್ಯಾಯರನ್ನಾಗಿ ಯೋಗ್ಯ ಸಂಭಾವನೆ ಕೊಟ್ಟು ಕರೆದು, ವಾರಕ್ಕೆರಡು ದಿನ ಪಾಠ ಹೇಳಿಸಬಹುದು. ದೋಷವನ್ನು ಕಂಪ್ಯೂಟರಿನ ಪರದೆಯ ಮೇಲೆ ಓದಲು ಕಲಿಯುತ್ತಿರುವ ಮಕ್ಕಳು, ಅದನ್ನು ಕಿವಿಯಿಂದಲೂ ಬೆರಳಿನಿಂದಲೂ ಓದುವುದನ್ನು ಒಂದು ವರ್ಷ ಕಲಿತರೆ ಅವರ ಮುಂದಿನ ಉದ್ಯೋಗಕ್ಕೆ ನಷ್ಟವೇನೂ ಆಗದು.

ಮನೆಯಲ್ಲಿ ಈ ಹವ್ಯಾಸಕ್ಕೆ ಮೊದಮೊದಲು ಸಮ್ಮತಿಯಿರಲಿಲ್ಲವೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ನನ್ನ ಪತ್ನಿಯ ಆತಂಕ ನ್ಯಾಯವಾದುದೇ ಆಗಿತ್ತು. ಕಾಲಕ್ರಮದಲ್ಲಿ ಆಕೆಯ ಆತಂಕವನ್ನು ತಗ್ಗಿಸಿದ್ದು ನನ್ನ ವಾದಗಳಲ್ಲ. ಕತ್ತಲಿಗೆ ಮುಂಚೆ ಬರುವ ನಿಯಮ, ದಾರಿಯನ್ನು ತಿಳಿಸಿಯೇ ಹೊರಡುವ ಪದ್ಧತಿ, ಮತ್ತು ಹೋದ ಸಲಕ್ಕಿಂತ ಈ ಸಲ ಸಾವಧಾನದ ಮನುಷ್ಯ ಮನೆಗೆ ಮರಳಿದನೆಂಬ ಆಕೆಯ ಸ್ವಂತ ಪರಿಶೀಲನೆ. ಕೊಳ್ಳಬೇಕೆಂದಿರುವವರು ಕೇಳುವ ಲೌಕಿಕ ಪ್ರಶ್ನೆಗಳಿಗೆ ಇಷ್ಟು ಹೇಳಬಲ್ಲೆ: ಹೊಳಪನ್ನು ನೋಡಿ ಕೊಳ್ಳಬೇಡಿ, ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆಯನ್ನೂ ಚಾಸಿ ಸಂಖ್ಯೆಯನ್ನೂ ವಾಹನದ ಮೇಲೆ ಕೊರೆದಿರುವುದರೊಡನೆ ತಾಳೆ ನೋಡಿ, ಫಾರಂ 29, ಫಾರಂ 30ಕ್ಕೆ ಎದುರಿನಲ್ಲಿಯೇ ರುಜು ಹಾಕಿಸಿ, ತಿಂಗಳೊಳಗೆ ಹೆಸರಿಗೆ ಮಾಡಿಸಿಕೊಳ್ಳಿ, ವಿಮೆಯಿಲ್ಲದೆ ರಸ್ತೆಗಿಳಿಸಬೇಡಿ, ಕೊಂಡ ಬೆಲೆಯಷ್ಟೇ ಹಣ ರಿಪೇರಿಗೆ ಬೇಕಾದೀತೆಂದು ಮೊದಲೇ ಎತ್ತಿಡಿ. ಬೆಲೆ ಮಾತಾಡುವುದಕ್ಕೆ ಮೊದಲು ನಿಮ್ಮ ಊರಿನಲ್ಲಿ ಇಂಥ ಎಂಜಿನನ್ನು ಬಿಚ್ಚಿ ಕೂಡಿಸಬಲ್ಲ ಹಿರಿಯರೊಬ್ಬರನ್ನು ಹುಡುಕಿ, ಅವರನ್ನೂ ಕರೆದುಕೊಂಡು ಹೋಗಿ ನೋಡಿ. ಅಂಥವರು ಸಿಕ್ಕದಿದ್ದರೆ ಸದ್ಯಕ್ಕೆ ವಾಹನವನ್ನು ಕೊಳ್ಳಬೇಡಿ.